ಓದುಗರ ಪ್ರಶ್ನೆ, ನಮ್ಮ ಉತ್ತರ: ಮಹಾಪ್ರಬಂಧ ಮುಗಿಸುವ ಹೊತ್ತು

ಉದ್ಯೋಗದಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡುತ್ತಿರುವವರಿಂದ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಬಹುಪಾಲು ಕೊನೆಯ ಹಂತದಲ್ಲಿ ಸಿಕ್ಕಿಕೊಂಡವರ ಪತ್ರಗಳಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಪದವಿ ಪೂರ್ವ ಕಾಲೇಜಿನಲ್ಲಿ ಇತಿಹಾಸ ಉಪನ್ಯಾಸಕಿ. 2019ರ ಆಗಸ್ಟ್‌ನಲ್ಲಿ ಅರೆಕಾಲಿಕ ಸಂಶೋಧನಾರ್ಥಿಯಾಗಿ ನೋಂದಾಯಿಸಿಕೊಂಡೆ. ಹಾಸನ ಜಿಲ್ಲೆಯ ಎರಡು ತಾಲ್ಲೂಕುಗಳ ವೀರಗಲ್ಲು (ಹೋರಾಡಿ ಮಡಿದವರ ನೆನಪಿನ ಕಲ್ಲು) ಮತ್ತು ಮಾಸ್ತಿಕಲ್ಲುಗಳು (ಸಹಗಮನ ಮಾಡಿದವರ ನೆನಪಿನ ಕಲ್ಲು) ನನ್ನ ವಿಷಯ. ಐದು ಅಧ್ಯಾಯಗಳ ಕರಡು ಸಿದ್ಧವಾಗಿದೆ. ಆದರೆ ಪ್ರತಿ ಬೇಸಿಗೆಯಲ್ಲೂ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಹೊಸ ಕಲ್ಲುಗಳು ಸಿಗುತ್ತಲೇ ಇವೆ, ಅವನ್ನು ಸೇರಿಸದೆ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಅಷ್ಟರಲ್ಲಿ ಅವಧಿ ಮುಗಿಯುತ್ತಿದೆ ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿದೆ. ಏನು ಮಾಡಲಿ?
— ಉಪನ್ಯಾಸಕಿ, ಅರಸೀಕೆರೆ

ಉತ್ತರ: ಕಲ್ಲುಗಳ ವಿಷಯಕ್ಕೆ ಬರುವ ಮೊದಲು ದಿನಾಂಕದ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ ಈಗಿನ ಪಿಎಚ್.ಡಿ. ನಿಯಮಾವಳಿ ಅಧಿಸೂಚನೆಯಾದದ್ದು 2022ರ ನವೆಂಬರ್ 7ರಂದು. ಅದಕ್ಕಿಂತ ಮೊದಲೇ ನೋಂದಾಯಿಸಿಕೊಂಡಿರುವ ನಿಮಗೆ 2016ರ ನಿಯಮಾವಳಿಯೇ ಅನ್ವಯವಾಗುತ್ತದೆ. ಅದರ ಪ್ರಕಾರ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ಮಹಿಳೆಯರಿಗೂ ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇನ್ನೆರಡು ವರ್ಷಗಳ ರಿಯಾಯಿತಿ ಉಂಟು. ನೇರ ಲೆಕ್ಕದಲ್ಲಿ ನಿಮಗೆ 2027ರ ಆಗಸ್ಟ್‌ವರೆಗೆ ಕಾಲಾವಕಾಶವಿದೆ. ಆದರೆ ಆ ರಿಯಾಯಿತಿ ತಾನಾಗಿಯೇ ಕೈಗೆ ಬಂದುಬಿಡುತ್ತದೆ ಎಂದು ನಂಬಿ ಕೂರಬೇಡಿ. ಮಾರ್ಗದರ್ಶಕರ ಶಿಫಾರಸಿನೊಂದಿಗೆ ಅರ್ಜಿ ಕೊಟ್ಟು, ನಿಗದಿತ ಶುಲ್ಕ ಕಟ್ಟಿ, ಆದೇಶದ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು. ಅವಧಿಯನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸುತ್ತಾರೋ, ಕೋರ್ಸ್‌ವರ್ಕ್ ಮುಗಿದ ನಂತರ ನೋಂದಣಿ ಖಾಯಂ ಆದ ದಿನದಿಂದಲೋ ಎಂಬುದನ್ನೂ ಪಿಎಚ್.ಡಿ. ವಿಭಾಗದಿಂದ ಲಿಖಿತವಾಗಿಯೇ ಪಡೆಯಿರಿ. ಇಡೀ ಅವಧಿಯಲ್ಲಿ ಒಮ್ಮೆ, 240 ದಿನಗಳವರೆಗೆ ಹೆರಿಗೆ ರಜೆ ಅಥವಾ ಮಕ್ಕಳ ಆರೈಕೆ ರಜೆ ಪಡೆಯಲೂ ಆ ನಿಯಮಾವಳಿಯಲ್ಲಿ ಅವಕಾಶವಿದೆ. ನೀವು ಅದನ್ನು ಬಳಸಿಕೊಂಡಿದ್ದರೆ ಅರ್ಜಿಯಲ್ಲಿ ಅದನ್ನೂ ಕಾಣಿಸಿ. ಗುಮಾಸ್ತರು ಬಾಯಲ್ಲಿ ಹೇಳಿದ ದಿನಾಂಕವನ್ನು ನೆಚ್ಚಿಕೊಂಡು ಕೊನೆಗೆ ಕಣ್ಣೀರಿಟ್ಟವರನ್ನು ನಾನು ಕಂಡಿದ್ದೇನೆ.

ಆ ದಿನಾಂಕ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ. ಸಲ್ಲಿಕೆಗೆ ಮೊದಲು ವಿಭಾಗದಲ್ಲಿ ಅಧ್ಯಾಪಕರು ಮತ್ತು ಸಂಶೋಧನಾರ್ಥಿಗಳ ಮುಂದೆ ಪ್ರಬಂಧ ಮಂಡಿಸಬೇಕು, ಅಲ್ಲಿ ಬಂದ ಸಲಹೆಗಳನ್ನು ಅಳವಡಿಸಬೇಕು, ಸಾರಲೇಖ ಸಲ್ಲಿಸಬೇಕು, ಪ್ರಬಂಧ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ತಂತ್ರಾಂಶದಿಂದ ಅಳೆದ ಹೋಲಿಕೆ ಪ್ರಮಾಣದ ವರದಿಯನ್ನು ಗ್ರಂಥಾಲಯದಿಂದ ಪಡೆಯಬೇಕು, ಹಾಸ್ಟೆಲು, ಗ್ರಂಥಾಲಯ, ಶುಲ್ಕ ವಿಭಾಗಗಳಿಂದ ಬಾಕಿ ಇಲ್ಲ ಎಂಬ ಪತ್ರ ತರಬೇಕು, ಆಮೇಲೆ ಬೈಂಡಿಂಗ್. ಇವೆಲ್ಲ ಒಂದು ವಾರದಲ್ಲಿ ಮುಗಿಯುವ ಕೆಲಸಗಳಲ್ಲ. ಒಬ್ಬ ಅಧಿಕಾರಿ ರಜೆಯ ಮೇಲಿದ್ದರೂ ಕಡತ ಅಲ್ಲೇ ನಿಲ್ಲುತ್ತದೆ. ಜೊತೆಗೆ ನಿಮ್ಮ ವೃತ್ತಿಯಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮತ್ತು ಮೌಲ್ಯಮಾಪನದ ತಿಂಗಳುಗಳಲ್ಲಿ ಒಂದು ಪುಟ ಬರೆಯುವುದೂ ಕಷ್ಟ. ಆ ತಿಂಗಳುಗಳನ್ನು ಮೊದಲೇ ಲೆಕ್ಕದಿಂದ ತೆಗೆದುಹಾಕಿ, ದಸರಾ ರಜೆ ಮತ್ತು ಬೇಸಿಗೆ ರಜೆಗಳನ್ನು ಬರವಣಿಗೆಗೆಂದೇ ಎತ್ತಿಡಿ. ಗಳಿಕೆ ರಜೆ ಉಳಿದಿದ್ದರೆ ಅದನ್ನು ಬಳಸಲು ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ.

ಇನ್ನು ಕಲ್ಲುಗಳು. ಕ್ಷೇತ್ರಕಾರ್ಯಕ್ಕೆ ಒಂದು ಕಡೆಯ ದಿನಾಂಕವನ್ನು ಈ ವಾರವೇ ನಿರ್ಧರಿಸಿ, ಇಂಥ ತಿಂಗಳವರೆಗೆ ದಾಖಲಿಸಿದ ಕಲ್ಲುಗಳನ್ನು ಮಾತ್ರ ಈ ಅಧ್ಯಯನ ಒಳಗೊಂಡಿದೆ ಎಂದು ಮೊದಲ ಅಧ್ಯಾಯದಲ್ಲಿಯೇ ಸ್ಪಷ್ಟವಾಗಿ ಬರೆಯಿರಿ. ಇದರಿಂದ ಪ್ರಬಂಧದ ಮರ್ಯಾದೆ ಕಡಿಮೆಯಾಗುತ್ತದೆ ಎಂಬ ಭಾವನೆ ನಿಮ್ಮ ಪತ್ರದಲ್ಲಿ ಕಾಣುತ್ತದೆ. ನಿಮ್ಮದೇ ಜಿಲ್ಲೆಯ ಉದಾಹರಣೆ ನೋಡಿ. ಶಾಸನತಜ್ಞ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟ ಮಾಲೆಯ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಅದರಲ್ಲಿ ಇರಲಿಲ್ಲ, ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ. ಕನ್ನಡಕ್ಕೇ ಅಷ್ಟು ಮುಖ್ಯವಾದ ಶಾಸನ ಬಿಟ್ಟುಹೋಗಿದ್ದರೂ ರೈಸ್ ಅವರು ಸಂಪುಟವನ್ನು ತಡೆಹಿಡಿಯಬೇಕಿತ್ತು ಎಂದು ಇಂದು ಯಾರೂ ಹೇಳುವುದಿಲ್ಲ, ಏಕೆಂದರೆ ಮುಂದಿನವರು ಹುಡುಕಾಟ ನಡೆಸಿದ್ದೇ ಆ ಸಂಪುಟವನ್ನು ಕೈಯಲ್ಲಿ ಹಿಡಿದುಕೊಂಡು. ನಿಮಗೆ ಇನ್ನು ಮುಂದೆ ಸಿಗುವ ಕಲ್ಲುಗಳನ್ನು ಛಾಯಾಚಿತ್ರ, ಅಳತೆ, ಸ್ಥಳ ಸಮೇತ ಬೇರೊಂದು ಪುಸ್ತಕದಲ್ಲಿ ದಾಖಲಿಸುತ್ತ ಹೋಗಿ. ಪದವಿ ಬಂದ ಮೇಲೆ ಅವು ಒಳ್ಳೆಯ ಲೇಖನಗಳಾಗುತ್ತವೆ. ಒಂದೇ ಒಂದು ವಿನಾಯಿತಿ: ಹೊಸ ಕಲ್ಲು ನಿಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷ್ಯ ನುಡಿಯುತ್ತಿದ್ದರೆ ಅದನ್ನು ಒಳಗೆ ತರಲೇಬೇಕು. ಎಣಿಕೆಯನ್ನು ಮಾತ್ರ ಹೆಚ್ಚಿಸುವ ಕಲ್ಲು ಕಾಯಬಹುದು.

ನಿಮ್ಮ ಪತ್ರದಲ್ಲಿ ಐದು ಅಧ್ಯಾಯಗಳ ವಿವರವಿದೆ, ಸಮಾರೋಪದ ಬಗ್ಗೆ ಒಂದು ಮಾತೂ ಇಲ್ಲ. ನಿಜವಾದ ತಡೆ ಅಲ್ಲಿರಬಹುದೆಂದು ನನಗನಿಸುತ್ತದೆ. ಪರೀಕ್ಷಕರಾದವರು ಸಾಮಾನ್ಯವಾಗಿ ಪೀಠಿಕೆ ಓದಿ ನೇರವಾಗಿ ಸಮಾರೋಪಕ್ಕೆ ಹೋಗುತ್ತಾರೆ. ಈ ಎಲ್ಲ ಕಲ್ಲುಗಳನ್ನು ಒಟ್ಟಿಗೆ ನೋಡಿದ್ದರಿಂದ ಮೊದಲು ಗೊತ್ತಿರದಿದ್ದ ಏನು ಗೊತ್ತಾಯಿತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕುತ್ತಾರೆ. ಆದ್ದರಿಂದ ಸಮಾರೋಪವನ್ನು ಈಗಲೇ, ಟಿಪ್ಪಣಿಗಳನ್ನು ಮುಚ್ಚಿಟ್ಟು, ನಾಲ್ಕೈದು ಪುಟಗಳಲ್ಲಿ ಬರೆದುಬಿಡಿ. ತುರುಗೊಳ್ (ದನಗಳ ಅಪಹರಣ) ಸಂದರ್ಭದ ಕಲ್ಲುಗಳು ಎಲ್ಲಿ ಒತ್ತಾಗಿವೆ, ಊರಳಿವಿನ (ಊರಿನ ನಾಶದ) ಕಲ್ಲುಗಳು ಎಲ್ಲಿವೆ, ಮಾಸ್ತಿಕಲ್ಲು ಯಾವ ಶತಮಾನದಿಂದ ಹೆಚ್ಚುತ್ತದೆ, ಇವುಗಳಿಂದ ಆ ಪ್ರದೇಶದ ಬದುಕಿನ ಬಗ್ಗೆ ಏನು ಹೇಳಬಹುದು ಎಂದು ನಿಮಗೆ ಮನದಟ್ಟಾಗಿರುವುದನ್ನಷ್ಟೇ ಬರೆಯಿರಿ. ಆಮೇಲೆ ಒಂದೊಂದು ವಾಕ್ಯವನ್ನೂ ಹಿಡಿದು ಅದಕ್ಕೆ ಆಧಾರ ಯಾವ ಅಧ್ಯಾಯದ ಯಾವ ಪುಟದಲ್ಲಿದೆ ಎಂದು ನೋಡಿ. ಆಧಾರವಿಲ್ಲದ ವಾಕ್ಯ ಹೋಗಲಿ; ಯಾವ ವಾಕ್ಯಕ್ಕೂ ಆಧಾರವಾಗದ ಪುಟಗಳೂ ಹೋಗಲಿ. ಈ ವಿಷಯದ ಪ್ರಬಂಧಗಳಲ್ಲಿ ಪ್ರತಿ ವೀರಗಲ್ಲಿಗೂ ಕೆಳಗಿನ ಹಂತದಲ್ಲಿ ಹೋರಾಟ, ನಡುವಿನ ಹಂತದಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲಿನ ಹಂತದಲ್ಲಿ ಲಿಂಗಪೂಜೆ ಎಂದು ಅದೇ ವಿವರಣೆ ಮರುಕಳಿಸುತ್ತದೆ. ಅದನ್ನು ಅನುಬಂಧದ ಕೋಷ್ಟಕಕ್ಕೆ ಸಾಗಿಸಿ, ಈ ಕ್ರಮಕ್ಕೆ ಹೊರತಾದ ಕಲ್ಲುಗಳನ್ನಷ್ಟೇ ಅಧ್ಯಾಯದಲ್ಲಿ ಚರ್ಚಿಸಿದರೆ ನಿಮ್ಮ ಪ್ರಬಂಧ ತೆಳ್ಳಗಾಗುತ್ತದೆ, ಗಟ್ಟಿಯೂ ಆಗುತ್ತದೆ.

ಪ್ರಶ್ನೆ: ಸರ್, ನಾನು ಬ್ಯಾಂಕ್ ಉದ್ಯೋಗಿ, ವಚನ ಸಾಹಿತ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಪ್ರಬಂಧವನ್ನು ಡಿಟಿಪಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಗ್ರಂಥಾಲಯದವರು ಯೂನಿಕೋಡ್‌ಗೆ ಬದಲಾಯಿಸಿ ತನ್ನಿ ಎಂದು ಹಿಂದಿರುಗಿಸಿದ್ದಾರೆ. ಬದಲಾಯಿಸಿದ ಒಂದು ಅಧ್ಯಾಯದಲ್ಲಿ ಹೋಲಿಕೆ ಪ್ರಮಾಣ ಶೇಕಡಾ 30 ದಾಟಿದೆ. ವಚನಗಳನ್ನು ಉಲ್ಲೇಖಿಸದೆ ಹೇಗೆ ಬರೆಯುವುದು?
— ಧಾರವಾಡದ ಓದುಗರು

ಉತ್ತರ: ಗ್ರಂಥಾಲಯದವರು ಕೇಳಿದ್ದು ಸರಿಯಾಗಿಯೇ ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಮಾತ್ರ ಕನ್ನಡ. ಕಡತದ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಹೋಲಿಕೆ ಅಳೆಯುವ ತಂತ್ರಾಂಶ ಆ ಸಾಲನ್ನು ಕನ್ನಡವೆಂದು ಗುರುತಿಸಲಾರದು. ಮುಂದೆ ಪ್ರಬಂಧ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಎಂಬ ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಭಂಡಾರ ಸೇರಿದಾಗಲೂ ಅದರೊಳಗಿನ ಒಂದು ಪದವನ್ನು ಹುಡುಕಲು ಯಾರಿಗೂ ಸಾಧ್ಯವಾಗುವುದಿಲ್ಲ.

ಪರಿವರ್ತಕದಲ್ಲಿ ಇಡೀ ಪ್ರಬಂಧವನ್ನು ಒಮ್ಮೆಗೇ ಹಾಕಬೇಡಿ. ಮೂಲ ಕಡತದ ಒಂದು ಪ್ರತಿಯನ್ನು ಬೇರೆ ಇಟ್ಟು, ಅಧ್ಯಾಯವಾರು ಬದಲಾಯಿಸಿ, ಪ್ರತಿ ಅಧ್ಯಾಯವನ್ನೂ ಮುದ್ರಿಸಿ ಓದಿ. ನಾಲ್ಕು ಕಡೆ ಕಣ್ಣಿಡಬೇಕು. ಅರ್ಕಾವತ್ತು ಇರುವ ಪದಗಳಲ್ಲಿ ರಕಾರ ಸ್ಥಾನ ತಪ್ಪಿರಬಹುದು; ಎರಡು ಒತ್ತಕ್ಷರ ಇರುವ ಪದಗಳು ಒಡೆದಿರಬಹುದು; ಉದ್ಧರಣ ಚಿಹ್ನೆಗಳು ಬೇರೆ ಅಕ್ಷರಗಳಾಗಿರಬಹುದು; ನಡುವೆ ಇದ್ದ ಇಂಗ್ಲಿಷ್ ಪದಗಳು ಮತ್ತು ಗ್ರಂಥಸೂಚಿಯ ಇಂಗ್ಲಿಷ್ ಪುಸ್ತಕಗಳ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಮಾರ್ಪಟ್ಟಿರುತ್ತವೆ. ಈ ಕೊನೆಯದನ್ನು ತಪ್ಪಿಸಲು ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ಕಡತಕ್ಕೆ ತೆಗೆದಿಟ್ಟು ನಂತರ ಸೇರಿಸಿ. ಗ್ರಂಥಸೂಚಿಯ ಅಕಾರಾದಿಯನ್ನೂ ಹೊಸದಾಗಿ ಜೋಡಿಸಬೇಕು. ಈ ಕೆಲಸವನ್ನು ಡಿಟಿಪಿಯವರಿಗೆ ಬಿಟ್ಟುಬಿಡಬೇಡಿ. ವಚನದ ಪಾಠದಲ್ಲಿ ಒಂದು ಅಕ್ಷರ ಬದಲಾದರೂ ಅದನ್ನು ಗುರುತಿಸಬಲ್ಲವರು ನೀವೇ.

ಶೇಕಡಾ 30ರ ಬಗ್ಗೆ ಹೇಳುವುದಾದರೆ, ಅನುದಾನ ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಾವಳಿಯಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಸಲ್ಲಿಸಬೇಕು, 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ಆಕರ ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳು ಈ ಲೆಕ್ಕದಿಂದ ಹೊರಗೆ. ಅಂದರೆ ಸಂಪುಟ, ವಚನಸಂಖ್ಯೆ ಸಮೇತ ಉದ್ಧರಣ ಚಿಹ್ನೆಯೊಳಗೆ ಕೊಟ್ಟ ವಚನ ನಿಮ್ಮ ಮೇಲೆ ಆರೋಪವಾಗುವುದಿಲ್ಲ. ಚಿಹ್ನೆಯಿಲ್ಲದೆ ಒಳಸರಿಸಿ ಅಚ್ಚು ಮಾಡಿದ ವಚನಗಳನ್ನು ತಂತ್ರಾಂಶ ಉದ್ಧರಣವೆಂದು ಗುರುತಿಸದೆ ಇರಬಹುದು. ವರದಿಯ ಪ್ರತಿಯನ್ನು ತೆಗೆದುಕೊಂಡು ಗ್ರಂಥಪಾಲಕರ ಜೊತೆ ಕುಳಿತು, ಬಣ್ಣ ಹಚ್ಚಿದ ಸಾಲುಗಳನ್ನು ಒಂದೊಂದಾಗಿ ನೋಡಿ.

ಹಾಗೆ ನೋಡಿದ ಮೇಲೂ ಪ್ರಮಾಣ ಇಳಿಯದಿದ್ದರೆ ಕಾರಣ ಬಹುಶಃ ‘ವಚನ ಚಳವಳಿಯ ಹಿನ್ನೆಲೆ’ಯಂತಹ ಅಧ್ಯಾಯವಿರುತ್ತದೆ. ಕಲ್ಯಾಣದ ಚಾಲುಕ್ಯರಿಂದ ಆರಂಭಿಸಿ ಬಿಜ್ಜಳನವರೆಗೆ ಎಲ್ಲರೂ ಬರೆದದ್ದನ್ನೇ ಮತ್ತೆ ಬರೆಯುವ ಆ ಅಧ್ಯಾಯದಿಂದ ಕನ್ನಡದ ಎಷ್ಟೋ ಪ್ರಬಂಧಗಳು ಸೊರಗಿವೆ. ಪದಗಳಿಗೆ ಪರ್ಯಾಯ ಪದ ಹಾಕಿ ತಂತ್ರಾಂಶದ ಕಣ್ಣು ತಪ್ಪಿಸುವುದು ಅಪ್ರಾಮಾಣಿಕ. ಅದನ್ನು ದಯವಿಟ್ಟು ಮಾಡಬೇಡಿ. ಅಧ್ಯಾಯವನ್ನೇ ಹತ್ತು ಪುಟಕ್ಕೆ ಇಳಿಸಿ, ನಿಮ್ಮ ಪ್ರಶ್ನೆಗೆ ಅಗತ್ಯವಿರುವ ಹಿನ್ನೆಲೆಯನ್ನು ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: 2023ರಲ್ಲಿ ಪ್ರವೇಶ ಪಡೆದಿದ್ದೇನೆ. ನನ್ನ ಮಾರ್ಗದರ್ಶಕರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ನನ್ನ ಗತಿಯೇನು?
— ಕಲಬುರಗಿಯ ಓದುಗರು

ಉತ್ತರ: ಗಾಬರಿ ಬೇಡ. 2022ರ ನಿಯಮಾವಳಿಯಂತೆ ನಿವೃತ್ತಿಯವರೆಗೆ ಅವರೇ ಮಾರ್ಗದರ್ಶಕರು. ಆ ನಂತರ 70 ವರ್ಷ ತುಂಬುವವರೆಗೆ ಸಹಮಾರ್ಗದರ್ಶಕರಾಗಿ ಮುಂದುವರಿಯಬಹುದು. ಮುಖ್ಯ ಮಾರ್ಗದರ್ಶಕರಾಗಿ ವಿಭಾಗದ ಇನ್ನೊಬ್ಬರು ಬೇಕಾಗುತ್ತಾರೆ. ಆ ಅಧ್ಯಾಪಕರು ಯಾರೆಂಬುದನ್ನು ಈಗಿನ ಗುರುಗಳ ಸಮ್ಮುಖದಲ್ಲೇ, ಅವರು ಸೇವೆಯಲ್ಲಿರುವಾಗಲೇ ಮಾತನಾಡಿ, ಸಂಶೋಧನಾ ಸಲಹಾ ಸಮಿತಿಯ ಮುಂದಿಟ್ಟು ಆದೇಶ ಮಾಡಿಸಿಕೊಳ್ಳಿ. ಹೊಸದಾಗಿ ಬಂದವರು ಇಡೀ ಪ್ರಬಂಧವನ್ನು ಬದಲಿಸಲು ಹೇಳಬಾರದೆಂದಿದ್ದರೆ, ಸಮಿತಿ ಈವರೆಗೆ ಒಪ್ಪಿದ ಅರ್ಧವಾರ್ಷಿಕ ಪ್ರಗತಿ ವರದಿಗಳ ಪ್ರತಿ ನಿಮ್ಮಲ್ಲಿರಬೇಕು.

ಪ್ರಶ್ನೆ: 2021ರಲ್ಲಿ ನೋಂದಾಯಿಸಿಕೊಂಡ ನನಗೆ ಲೇಖನ ಪ್ರಕಟಣೆ ಕಡ್ಡಾಯವೇ? ಹಣ ಕಟ್ಟಿದರೆ ಮೂರು ದಿನಗಳಲ್ಲಿ ಪ್ರಕಟಿಸುತ್ತೇವೆ ಎಂಬ ಸಂದೇಶಗಳು ದಿನವೂ ಬರುತ್ತಿವೆ.
— ಅರೆಕಾಲಿಕ ಸಂಶೋಧನಾರ್ಥಿ, ತುಮಕೂರು

ಉತ್ತರ: ನಿಮಗೆ ಕಡ್ಡಾಯ. 2016ರ ನಿಯಮಾವಳಿಯಲ್ಲಿ ಪ್ರಬಂಧ ಸಲ್ಲಿಕೆಗೆ ಮೊದಲು ವಿದ್ವಾಂಸರ ಪರಿಶೀಲನೆಗೆ ಒಳಪಟ್ಟ ನಿಯತಕಾಲಿಕೆಯಲ್ಲಿ ಕನಿಷ್ಠ ಒಂದು ಲೇಖನ ಮತ್ತು ಸಮ್ಮೇಳನ ಅಥವಾ ವಿಚಾರ ಸಂಕಿರಣಗಳಲ್ಲಿ ಎರಡು ಮಂಡನೆಗಳು ಇರಬೇಕು. 2022ರ ನಿಯಮಾವಳಿ ಈ ಕಡ್ಡಾಯವನ್ನು ಕೈಬಿಟ್ಟಿದ್ದರೂ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದಾದ್ದರಿಂದ, ಹೊಸಬರೂ ತಮ್ಮ ವಿಭಾಗದಲ್ಲಿ ಕೇಳಿ ತಿಳಿಯುವುದು ಕ್ಷೇಮ. ಅನುದಾನ ಆಯೋಗವು ತಾನು ಮಾನ್ಯ ಮಾಡಿದ ನಿಯತಕಾಲಿಕೆಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿರುವುದರಿಂದ ನಿಯತಕಾಲಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಈಗ ವಿಶ್ವವಿದ್ಯಾಲಯದ ಮೇಲೂ ನಿಮ್ಮ ಮೇಲೂ ಇದೆ. ಮೂರು ದಿನಗಳಲ್ಲಿ ಯಾವ ವಿದ್ವಾಂಸರೂ ಲೇಖನ ಓದಿ ಅಭಿಪ್ರಾಯ ಬರೆಯಲಾರರು. ಅಂತಹ ಕಡೆ ಹಣ ಕಟ್ಟಿದರೆ ಹಣ ಹೋಗುವುದರ ಜೊತೆಗೆ, ನಿಮ್ಮ ಪ್ರಬಂಧದ ಒಳ್ಳೆಯ ಭಾಗವೊಂದು ಕೆಟ್ಟ ಜಾಗದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ಪೀಠಗಳು ಹೊರತರುವ ನಿಯತಕಾಲಿಕೆಗಳಿಗೆ ಈಗಲೇ ಕಳಿಸಿ. ತಿಂಗಳುಗಳು ಹಿಡಿಯುವುದು ಸಹಜ. ಪ್ರಕಟವಾದ ಲೇಖನವನ್ನು ಪ್ರಬಂಧದಲ್ಲಿ ಬಳಸಿದ ಕಡೆ ಅಡಿಟಿಪ್ಪಣಿಯಲ್ಲಿ ತಿಳಿಸುವುದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಪ್ರೌಢಶಾಲೆಯ ಮೇಷ್ಟ್ರು. ಎರಡು ವರ್ಷದಿಂದ ಪ್ರಬಂಧ ‘ಇನ್ನೇನು ಮುಗಿಯಿತು’ ಎನ್ನುತ್ತಿದ್ದಾರೆ. ರಾತ್ರಿ ಒಂದು ಗಂಟೆಯವರೆಗೆ ಕೂರುತ್ತಾರೆ, ಕೇಳಿದರೆ ರೇಗುತ್ತಾರೆ, ಈಚೆಗೆ ನಿದ್ದೆಯೂ ಸರಿಯಾಗಿಲ್ಲ. ಮನೆಯವರು ಏನು ಮಾಡಬಹುದು?
— ಗೃಹಿಣಿ, ಶಿವಮೊಗ್ಗ

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅರೆಕಾಲಿಕ ಸಂಶೋಧನೆ ಎಂದರೆ ಉಳಿದರ್ಧ ಕಾಲವನ್ನು ಮನೆಯವರು ಕೊಟ್ಟಿದ್ದಾರೆ ಎಂದೇ ಅರ್ಥ. ಪ್ರಬಂಧದ ಕೃತಜ್ಞತೆಯ ಪುಟದ ಒಂದು ಸಾಲಿನಿಂದ ಆ ಋಣ ತೀರುವುದಿಲ್ಲ.

ಅವರ ರೇಗುವಿಕೆ ನಿಮ್ಮ ಮೇಲಿನದಲ್ಲ ಎಂದು ನನಗೆ ತೋರುತ್ತದೆ. ‘ಯಾವಾಗ ಮುಗಿಯುತ್ತದೆ’ ಎಂಬ ಪ್ರಶ್ನೆಗೆ ಅವರಲ್ಲೇ ಉತ್ತರವಿಲ್ಲ. ಅದರ ಬದಲು ‘ಈ ಭಾನುವಾರದೊಳಗೆ ಯಾವ ಭಾಗ ಮುಗಿಸಬೇಕೆಂದಿದ್ದೀರಿ’ ಎಂದು ಕೇಳಿ ನೋಡಿ. ಅದಕ್ಕೆ ಉತ್ತರ ಕೊಡಬಹುದು, ಕೊಟ್ಟ ಉತ್ತರ ಅವರಿಗೇ ದಾರಿ ತೋರಿಸಲೂಬಹುದು. ದಿನವಿಡೀ ಪಾಠ ಮಾಡಿ ಬಂದವರು ನಡುರಾತ್ರಿ ಬರೆದದ್ದನ್ನು ಮರುದಿನ ಹೊಡೆದುಹಾಕುವುದೇ ಹೆಚ್ಚು. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಒಂದೂವರೆ ಗಂಟೆ ಕೂರುವಂತಾದರೆ, ಆ ಹೊತ್ತಿನಲ್ಲಿ ಹಾಲು, ತರಕಾರಿ, ಮಕ್ಕಳ ಶಾಲೆಯ ಚೀಲ ಯಾವುದೂ ಅವರವರೆಗೆ ಬಾರದಂತೆ ನೋಡಿಕೊಂಡರೆ, ಅದಕ್ಕೆ ಬದಲಾಗಿ ಸಂಜೆಯ ಮನೆಗೆಲಸದಲ್ಲಿ ಅವರು ಕೈಜೋಡಿಸಲಿ. ಇದು ಒಪ್ಪಂದವಾಗಿರಬೇಕು, ಎಲ್ಲ ಭಾರವನ್ನೂ ನೀವೇ ಹೊರಬೇಕೆಂದು ನಾನು ಹೇಳಲಾರೆ. ಕರಡಚ್ಚು ಓದುವುದರಲ್ಲಿ, ಗ್ರಂಥಸೂಚಿಯನ್ನು ಅಡಿಟಿಪ್ಪಣಿಗಳೊಂದಿಗೆ ತಾಳೆ ನೋಡುವುದರಲ್ಲಿ ನೀವು ನೆರವಾಗಬಹುದು. ಒಬ್ಬರು ಓದಿ ಹೇಳುತ್ತ ಇನ್ನೊಬ್ಬರು ಗುರುತು ಹಾಕುತ್ತ ಹೋದರೆ ಕೆಲಸ ಬೇಗ ಸಾಗುತ್ತದೆ. ನಿದ್ದೆಗೇಡು ಮುಂದುವರಿದರೆ ವೈದ್ಯರನ್ನು ಕಾಣಿಸಿ. ಅದಕ್ಕೆ ಪ್ರಬಂಧ ಮುಗಿಯುವವರೆಗೆ ಕಾಯಬಾರದು.

ಪ್ರಶ್ನೆ: ಪ್ರಬಂಧ ಸಲ್ಲಿಸಿ ನಾಲ್ಕು ತಿಂಗಳಾಯಿತು. ಒಬ್ಬ ಪರೀಕ್ಷಕರು ತಿದ್ದುಪಡಿ ಸೂಚಿಸಿದ್ದಾರೆಂದು ತಿಳಿದುಬಂದಿದೆ. ಇದು ತಿರಸ್ಕಾರವೇ? ಮೌಖಿಕ ಪರೀಕ್ಷೆಗೆ ಹೇಗೆ ಸಿದ್ಧನಾಗಲಿ?
— ಮೈಸೂರಿನ ಓದುಗರು

ಉತ್ತರ: ತಿದ್ದುಪಡಿ ತಿರಸ್ಕಾರವಲ್ಲ. ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪ್ರಬಂಧವನ್ನು ಓದುತ್ತಾರೆ. ಅವರಲ್ಲಿ ಒಬ್ಬರು ಮೌಖಿಕ ಪರೀಕ್ಷೆಗೆ ಶಿಫಾರಸು ಮಾಡದಿದ್ದರೂ ಪ್ರಬಂಧ ಇನ್ನೊಬ್ಬ ಪರೀಕ್ಷಕರಿಗೆ ಹೋಗುತ್ತದೆ. ಅವರ ವರದಿ ಅನುಕೂಲವಾಗಿದ್ದರೆ ಪರೀಕ್ಷೆ ನಡೆಯುತ್ತದೆ. ಸಲ್ಲಿಕೆಯಿಂದ ಆರು ತಿಂಗಳೊಳಗೆ ಇಡೀ ಮೌಲ್ಯಮಾಪನ ಮುಗಿಸಲು ವಿಶ್ವವಿದ್ಯಾಲಯ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ನಿಯಮವಿದೆ. ನಾಲ್ಕು ತಿಂಗಳಾಗಿರುವುದರಿಂದ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ಮಾರ್ಗದರ್ಶಕರ ಮೂಲಕ ವಿನಯಪೂರ್ವಕವಾದ ಒಂದು ವಿಚಾರಣಾ ಪತ್ರ ಬರೆಯುವುದರಲ್ಲಿ ತಪ್ಪಿಲ್ಲ. ಪರೀಕ್ಷಕರು ಯಾರೆಂದು ಹುಡುಕಿ ಅವರಿಗೆ ನೇರವಾಗಿ ಕರೆ ಮಾಡುವುದು ಮಾತ್ರ ಸಲ್ಲದು.

ವರದಿ ಕೈಗೆ ಬಂದಾಗ ಪ್ರತಿ ಆಕ್ಷೇಪವನ್ನೂ ಒಂದು ಕಡೆ ಬರೆದು, ಅದರ ಎದುರು ನೀವು ಮಾಡಿದ ಬದಲಾವಣೆ ಮತ್ತು ಪುಟಸಂಖ್ಯೆಯನ್ನು ನಮೂದಿಸಿ. ಒಪ್ಪದ ಆಕ್ಷೇಪಕ್ಕೆ ಕಾರಣ ಕೊಡಿ. ಮೌಖಿಕ ಪರೀಕ್ಷೆ ನಡೆಯುವುದು ಮುಖ್ಯವಾಗಿ ಈ ವರದಿಗಳನ್ನು ಆಧರಿಸಿಯೇ, ಮತ್ತು ಅದು ಬಹಿರಂಗವಾಗಿ, ಅಧ್ಯಾಪಕರು ಹಾಗೂ ಸಂಶೋಧನಾರ್ಥಿಗಳ ಎದುರು ನಡೆಯುತ್ತದೆ. ಈ ವಿಷಯವನ್ನೇ ಏಕೆ ಆರಿಸಿದಿರಿ, ಈ ವಿಧಾನವೇ ಏಕೆ, ಹಿಂದಿನವರು ಹೇಳಿದ್ದಕ್ಕಿಂತ ನೀವು ಹೇಳಿದ್ದು ಯಾವುದರಲ್ಲಿ ಭಿನ್ನ ಎಂಬ ಮೂರು ಪ್ರಶ್ನೆಗಳು ಯಾವುದಾದರೂ ರೂಪದಲ್ಲಿ ಬಂದೇ ಬರುತ್ತವೆ. ಇವುಗಳಿಗೆ ಕಾಗದ ನೋಡದೆ, ಎರಡೆರಡು ನಿಮಿಷಗಳಲ್ಲಿ, ವಿಷಯ ಗೊತ್ತಿಲ್ಲದ ಸ್ನೇಹಿತರೊಬ್ಬರಿಗೆ ಉತ್ತರ ಹೇಳಿ ಅಭ್ಯಾಸ ಮಾಡಿ. ಪ್ರಬಂಧ ಸಲ್ಲಿಸಿ ತಿಂಗಳುಗಳಾಗಿರುವುದರಿಂದ ನಿಮ್ಮದೇ ಪುಟಗಳು ನಿಮಗೆ ಮರೆತಿರುತ್ತವೆ. ಪರೀಕ್ಷೆಯ ಹಿಂದಿನ ವಾರ ಒಮ್ಮೆ ಪೂರ್ತಿ ಓದಿ, ಪುಟಗಳಿಗೆ ಚೀಟಿ ಅಂಟಿಸಿಕೊಳ್ಳಿ. ಉತ್ತರ ತಿಳಿಯದ ಪ್ರಶ್ನೆ ಬಂದರೆ ಅದು ಈ ಅಧ್ಯಯನದ ವ್ಯಾಪ್ತಿಗೆ ಬರಲಿಲ್ಲವೆಂದು ನೇರವಾಗಿ ಹೇಳಿ. ಹಾಗೆ ಹೇಳಿದವರನ್ನು ಪರೀಕ್ಷಕನಾಗಿ ನಾನು ಗೌರವದಿಂದಲೇ ಕಂಡಿದ್ದೇನೆ.

ಪರೀಕ್ಷೆ ಮುಗಿದು ಅಧಿಸೂಚನೆ ಹೊರಬಿದ್ದ ಮೇಲೆ, ಘಟಿಕೋತ್ಸವದವರೆಗೆ ಕಾಯದೆ, ಪದವಿಯು ಆಯೋಗದ ನಿಯಮಾವಳಿಗೆ ಅನುಗುಣವಾಗಿದೆ ಎಂದು ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಬಡ್ತಿ ಅಥವಾ ನೇಮಕಾತಿಯ ಅರ್ಜಿಗಳಿಗೆ ಮೊದಲು ಬೇಕಾಗುವುದು ಅದೇ.